ರಾತ್ರಿ ಕೊಟ್ಟಿಗೆಯಲ್ಲಿ ಯಾವ ಹಸು ಯಾವುದು? ಐಆರ್ ಕ್ಯಾಮೆರಾದಲ್ಲಿ ಒಂದೊಂದನ್ನೂ ಗುರುತು ಹಿಡಿಯುವ ಬಗೆ

ನಮ್ಮ ಕೊಟ್ಟಿಗೆಯಲ್ಲಿ ಗೌರಿ, ಕೆಂಪಿ ಅಂತ ಎರಡು ಕೆಂದ ಹಸುಗಳಿವೆ. ಎರಡೂ ಮಿಶ್ರತಳಿ. ಹಗಲಲ್ಲಿ ನೋಡಿದರೆ ಗೊಂದಲವೇ ಇಲ್ಲ. ಗೌರಿಯ ಭುಜದ ಮೇಲೆ ಅಂಗೈ ಅಗಲದ ಬಿಳಿ ಮಚ್ಚೆ ಇದೆ. ಕೆಂಪಿಗೆ ಹೊಟ್ಟೆಯ ಕೆಳಗೆ ಮಾತ್ರ ಬಿಳಿ. ಮನೆಯ ಚಿಕ್ಕ ಮಗುವೂ ದೂರದಿಂದಲೇ ಹೆಸರು ಹೇಳುತ್ತದೆ.

ಒಂದು ದಿನ ಮಧ್ಯಾಹ್ನ ಹಿಂದಿನ ರಾತ್ರಿಯ ಕ್ಯಾಮೆರಾ ರೆಕಾರ್ಡಿಂಗ್ ನೋಡುತ್ತಿದ್ದೆ. ರಾತ್ರಿ 2 ಗಂಟೆಯ ಸುಮಾರಿಗೆ ಒಂದು ಹಸು ಇನ್ನೊಂದರ ಮೇಲೆ ಹತ್ತಿದೆ, ಕೆಳಗಿನದು ಅಲುಗಾಡದೆ ನಿಂತಿದೆ. ಹಾಗೆ ನಿಂತದ್ದೇ ಬೆದೆಗೆ ಬಂದ ಹಸು, ಅದು ಹಸು ಸಾಕುವವರಿಗೆಲ್ಲ ಗೊತ್ತು. ಆದರೆ ಅದು ಯಾವುದು? ಪರದೆಯ ಮೇಲೆ ಎರಡೂ ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದವು. ಮಚ್ಚೆಯೂ ಇಲ್ಲ, ಕೆಂಪೂ ಇಲ್ಲ. ನಾನು ಕೆಂಪಿ ಇರಬೇಕು ಅಂದುಕೊಂಡು ಗಬ್ಬದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡುವವರಿಗೆ ಫೋನ್ ಮಾಡಿದೆ. ಅವರಿಗೆ ಬರಲು ಆಗಿದ್ದು ಮರುದಿನ ಬೆಳಿಗ್ಗೆ. ಬಂದು ಪರೀಕ್ಷೆ ಮಾಡಿ, "ಇದು ಬೆದೆಯಲ್ಲಿಲ್ಲ ಅಣ್ಣ, ಬೇರೆ ಯಾವುದೋ ಇರಬೇಕು ನೋಡಿ" ಅಂದರು. ಗೌರಿಯ ಹತ್ತಿರ ಹೋಗುವಷ್ಟರಲ್ಲಿ ಹೊತ್ತು ಮೀರಿತ್ತು. ಮುಂದಿನ ಬೆದೆಗೆ ಮತ್ತೆ 21 ದಿನ ಕಾಯಬೇಕಾಯಿತು.

ಕ್ಯಾಮೆರಾ ಕೆಟ್ಟದ್ದಾಗಿರಲಿಲ್ಲ. ಹಸು ಹತ್ತಿದ್ದನ್ನು ಅದು ಚೆನ್ನಾಗಿಯೇ ತೋರಿಸಿತ್ತು. ನಾನು ಹಸುಗಳಿಗೆ ರಾತ್ರಿ ಕಾಣುವಂಥ ಗುರುತು ಕೊಟ್ಟಿರಲಿಲ್ಲ, ಅಷ್ಟೇ. ಅದಕ್ಕೇ ಈ ಬರಹದಲ್ಲಿ ಗುರುತಿನ ಮಾತು ಮೊದಲು, ಕ್ಯಾಮೆರಾ ಕೊಳ್ಳುವ ಮಾತು ಆಮೇಲೆ. ಇದೇ ಕ್ರಮದಲ್ಲಿ ಮಾಡಿದರೆ ದುಡ್ಡೂ ಉಳಿಯುತ್ತದೆ.

ಕತ್ತಲಲ್ಲಿ ಕ್ಯಾಮೆರಾಕ್ಕೆ ಏನು ಕಾಣುತ್ತದೆ

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸಿಸಿ ಕ್ಯಾಮೆರಾದ ಮುಖದಲ್ಲಿ ಸಣ್ಣ ಸಣ್ಣ ಐಆರ್ ದೀಪಗಳಿರುತ್ತವೆ. ಐಆರ್ ಅಂದರೆ ಇನ್‌ಫ್ರಾರೆಡ್, ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಬೆಳಕು. ಕತ್ತಲಾದಾಗ "ಟಿಕ್" ಅಂತ ಒಂದು ಸದ್ದು ಕೇಳುತ್ತದಲ್ವಾ? ಒಳಗಿದ್ದ ಒಂದು ಫಿಲ್ಟರ್ ಪಕ್ಕಕ್ಕೆ ಸರಿದ ಸದ್ದು ಅದು. ಹಗಲಲ್ಲಿ ಆ ಫಿಲ್ಟರ್ ಇನ್‌ಫ್ರಾರೆಡ್ ಬೆಳಕನ್ನು ತಡೆಯುತ್ತದೆ. ರಾತ್ರಿ ಅದು ಸರಿದು ದಾರಿ ಬಿಡುತ್ತದೆ, ದೀಪಗಳು ಹತ್ತುತ್ತವೆ, ಚಿತ್ರ ಕಪ್ಪು ಬಿಳುಪಾಗುತ್ತದೆ.

ಈ ದೀಪಗಳಲ್ಲಿ ಎರಡು ಬಗೆ. 850 ನ್ಯಾನೋಮೀಟರ್‌ನದು ಹತ್ತಿರ ಹೋಗಿ ನೋಡಿದರೆ ಮಂಕು ಕೆಂಪಗೆ ಕಾಣುತ್ತದೆ, ದೂರದವರೆಗೆ ಬೆಳಕು ಕೊಡುತ್ತದೆ. 940ರದು ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಕ್ಯಾಮೆರಾಕ್ಕೂ ಅದು ಕಡಿಮೆ ಕಾಣುತ್ತದೆ, ಹಾಗಾಗಿ ದೂರ ಕಡಿಮೆ. ಕೊಟ್ಟಿಗೆಗೆ 850 ಸಾಕು. ದನಗಳಿಗೆ ಈ ಬೆಳಕಿನಿಂದ ತೊಂದರೆ ಆಗುವುದನ್ನು ನಾನು ನೋಡಿಲ್ಲ. ನಮ್ಮವು ಕ್ಯಾಮೆರಾದ ಕೆಳಗೇ ಮಲಗಿ ಮೆಲುಕು ಹಾಕುತ್ತವೆ.

ಈಗ ಮುಖ್ಯ ವಿಷಯ. ಈ ಬೆಳಕಿನಲ್ಲಿ ಬಣ್ಣ ಸತ್ತುಹೋಗುತ್ತದೆ. ಕೆಂದ, ಕಂದು ಬಣ್ಣದ ಕೂದಲು ಐಆರ್ ಬೆಳಕನ್ನು ಜಾಸ್ತಿ ವಾಪಸ್ ಕಳಿಸುತ್ತದೆ. ಹಾಗಾಗಿ ಜೆರ್ಸಿ, ಕೆಂಪು ಮಚ್ಚೆಯ ಮಿಶ್ರತಳಿ, ಗಿರ್ ಎಲ್ಲವೂ ಬೆಳ್ಳಗೆ ತೇಲುತ್ತವೆ. ಕೆಂಪು ಮತ್ತು ಬಿಳಿಯ ನಡುವಿನ ಗೆರೆಯೇ ಅಳಿಸಿಹೋಗುತ್ತದೆ. ಹಳ್ಳಿಕಾರ್ ದನಗಳಂತೂ ಹಗಲಲ್ಲೇ ಒಂದೇ ಬೂದು, ರಾತ್ರಿ ಕೇಳಬೇಕೇ? ಕಪ್ಪು ಬಿಳಿಯ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸುಗಳು ಮಾತ್ರ ಅದೃಷ್ಟವಂತರು. ಕಪ್ಪು ಸ್ವಲ್ಪ ಬೂದಾದರೂ ಮಚ್ಚೆಯ ಆಕಾರ ಉಳಿಯುತ್ತದೆ. ಬೀದರ್ ಕಡೆಯ ದೇವಣಿಯಲ್ಲಿ ಕಪ್ಪು ಮಚ್ಚೆ ಇರುವ ದನಗಳೂ ಹಾಗೆಯೇ.

ದನ ಕೊಳ್ಳುವಾಗ ಹಿರಿಯರು ಸುಳಿ ನೋಡುತ್ತಾರೆ, ಕೊಂಬಿನ ತಿರುವು ನೋಡುತ್ತಾರೆ. ಸುಳಿ ರಾತ್ರಿ ಕ್ಯಾಮೆರಾದಲ್ಲಿ ಕಾಣುವುದಿಲ್ಲ. ಕೊಂಬು ಚೆನ್ನಾಗಿ ಕಾಣುತ್ತದೆ. ಬಣ್ಣ ಹೋದರೂ ಆಕಾರ ಹೋಗುವುದಿಲ್ಲ. ಮುರಿದ ಕೊಂಬು, ಜೋತುಬಿದ್ದ ಕಿವಿ, ದೊಡ್ಡ ಗಂಗೆದೊಗಲು, ಕುಂಟು ನಡಿಗೆ, ಇವೆಲ್ಲ ರಾತ್ರಿಯೂ ಉಳಿಯುವ ಗುರುತುಗಳು.

ಥರ್ಮಲ್ ಕ್ಯಾಮೆರಾ ತಂದರೆ ಆಗಲ್ವಾ ಅಂತ ಕೆಲವರು ಕೇಳುತ್ತಾರೆ. ಅದು ಮೈಯ ಬಿಸಿಯನ್ನು ತೋರಿಸುತ್ತದೆ. ಪೊದೆಯ ಹಿಂದೆ ತಪ್ಪಿಸಿಕೊಂಡ ಕರುವನ್ನು ಹುಡುಕಲು ಅದರಷ್ಟು ಒಳ್ಳೆಯದು ಇಲ್ಲ. ಆದರೆ ಅದಕ್ಕೆ ಮಚ್ಚೆ, ಕಿವಿಯೋಲೆಯ ನಂಬರು ಸಿಗುವುದಿಲ್ಲ. ಹೆಸರು ಹಿಡಿಯುವ ಕೆಲಸಕ್ಕೆ ಅದು ಬೇಡ, ಬೆಲೆಯೂ ಜಾಸ್ತಿ.

ಹಂತ 1: ನಿಮ್ಮ ದನ ಕಟ್ಟಿದ್ದೋ, ಬಿಟ್ಟಿದ್ದೋ?

ರಾತ್ರಿ ದನಗಳನ್ನು ಗೂಟಕ್ಕೆ ಕಟ್ಟುವವರಾದರೆ ನಿಮ್ಮ ಕೆಲಸ ಮುಕ್ಕಾಲು ಮುಗಿದ ಹಾಗೆ. ಪ್ರತಿ ಹಸುವನ್ನೂ ದಿನಾ ಒಂದೇ ಜಾಗದಲ್ಲಿ ಕಟ್ಟಿ. ಗೋದಲಿಯ ಹಿಂದಿನ ಗೋಡೆಯ ಮೇಲೆ ಒಂದೊಂದು ಜಾಗಕ್ಕೂ ಒಂದು ನಂಬರು ಬರೆಯಿರಿ, ಮೊಳದುದ್ದ ಇರಲಿ, ಕ್ಯಾಮೆರಾದಲ್ಲಿ ಕಾಣುವ ಹಾಗಿರಲಿ. ಹಸುಗಳು ಎರಡು ವಾರದಲ್ಲಿ ತಮ್ಮ ಜಾಗ ಕಲಿತುಬಿಡುತ್ತವೆ, ಸಂಜೆ ತಾವಾಗೇ ಹೋಗಿ ನಿಲ್ಲುತ್ತವೆ. ರಾತ್ರಿ 4ನೇ ಜಾಗದಲ್ಲಿ ಒಂದು ಹಸು ಏಳುವುದು, ಮಲಗುವುದು, ಬಾಲ ಎತ್ತುವುದು ಮಾಡುತ್ತಿದ್ದರೆ ಅದು ಯಾರು ಅಂತ ಯೋಚಿಸಬೇಕಿಲ್ಲ. ಗಬ್ಬದ ಹಸುವನ್ನು ಬೇರೆ ಕಡೆ ಕಟ್ಟಿದ ದಿನ ಮಾತ್ರ ನೆನಪಿಟ್ಟು ಬರೆದಿಡಿ.

ಬಿಟ್ಟು ಸಾಕುವವರಿಗೆ, ಅಂದರೆ ಲೂಸ್ ಹೌಸಿಂಗ್ ಇರುವವರಿಗೆ, ಹಸುವಿನ ಮೈಮೇಲೆಯೇ ಗುರುತು ಬೇಕು. ಮುಂದಿನ ಹಂತಗಳು ಹೆಚ್ಚಾಗಿ ಅವರಿಗಾಗಿ.

ಹಂತ 2: ಇರುವ ಓಲೆಯನ್ನು ನಂಬಬೇಡಿ, ತೆಗೆಯಲೂ ಬೇಡಿ

ಪಶು ಇಲಾಖೆಯವರು ಕಿವಿಗೆ ಹಾಕುವ ಹಳದಿ ಓಲೆಯಲ್ಲಿ 12 ಅಂಕಿಗಳಿರುತ್ತವೆ. ಲಸಿಕೆ, ವಿಮೆ, ಪರಿಹಾರ ಎಲ್ಲಕ್ಕೂ ಆ ನಂಬರೇ ಆಧಾರ. ಅದು ಕಿವಿಯಲ್ಲೇ ಇರಲಿ. ಆದರೆ ಆ ಅಂಕಿಗಳು ಕೈಯಲ್ಲಿ ಕಿವಿ ಹಿಡಿದು ಓದಲು ಮಾಡಿದವು. ಮೇಲಿನ ಮೂಲೆಯ ಕ್ಯಾಮೆರಾದಿಂದ ಹಗಲಲ್ಲೂ ಓದಲಾಗುವುದಿಲ್ಲ.

ಕೆಲವರು ದೊಡ್ಡ ಖಾಲಿ ಓಲೆ ತಂದು ಮಾರ್ಕರ್ ಪೆನ್ನಿನಲ್ಲಿ ನಂಬರು ಬರೆಯುತ್ತಾರೆ. ಇಲ್ಲಿ ಒಂದು ಮೋಸ ಇದೆ. ಎಷ್ಟೋ ಕಪ್ಪು ಶಾಯಿಗಳು ಕಣ್ಣಿಗೆ ಮಾತ್ರ ಕಪ್ಪು. ಐಆರ್ ಬೆಳಕು ಅವುಗಳ ಮೂಲಕ ಹಾಗೇ ಹಾದುಹೋಗುತ್ತದೆ. ರಾತ್ರಿ ನೋಡಿದರೆ ಓಲೆ ಬರೀ ಖಾಲಿ. ಬಟ್ಟೆಗೂ ಇದೇ ಮಾತು. ಕಪ್ಪು ಅಂತ ತಂದ ಎಷ್ಟೋ ನೈಲಾನ್, ಪಾಲಿಯೆಸ್ಟರ್ ಪಟ್ಟಿಗಳು ರಾತ್ರಿ ಬೆಳ್ಳಗೆ ಕಾಣುತ್ತವೆ. ಇಂಗಾಲದ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ಇದ್ದಿಲು, ದೀಪದ ಮಸಿ ಅಂಥವು.

ಪರೀಕ್ಷೆ ಸುಲಭ. ಕೊಳ್ಳುವ ಮೊದಲೇ ಯಾರದಾದರೂ ಮನೆಯ ಸಿಸಿ ಕ್ಯಾಮೆರಾದ ಮುಂದೆ ಕತ್ತಲಲ್ಲಿ ನಿಂತು ಪಟ್ಟಿ, ಓಲೆ, ಬರಹ ಎಲ್ಲವನ್ನೂ ಹಿಡಿದು ನೋಡಿ. ನಾನು ಹಾಗೆ ಮಾಡಿದಾಗ ನನ್ನ ಕರಿ ಅಂಗಿ ಬಿಳಿ ಅಂಗಿಯಾಗಿತ್ತು, ಪಕ್ಕದಲ್ಲಿದ್ದ ಕರಿ ಕೊಡೆ ಕರಿಯಾಗಿಯೇ ಇತ್ತು.

ಹಂತ 3: ರೇಡಿಯಂ ಪಟ್ಟಿಯ ಕೊರಳಬೆಲ್ಟ್

ನನಗೆ ಕೊನೆಗೆ ಕೈಹಿಡಿದದ್ದು ಇದು. ಲಾರಿ, ಟ್ರ್ಯಾಕ್ಟರ್ ಟ್ರೇಲರ್ ಹಿಂದೆ ಅಂಟಿಸುತ್ತಾರಲ್ಲ, ನಾವು ರೇಡಿಯಂ ಅಂತೀವಿ, ಅದು. ಬೆಳಕು ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್ ಕಳಿಸುವುದು ಅದರ ಗುಣ. ಕ್ಯಾಮೆರಾದ ಲೆನ್ಸ್ ಸುತ್ತಲೇ ಐಆರ್ ದೀಪಗಳು ಇರುವುದರಿಂದ ಬೆಳಕು ನೇರ ಲೆನ್ಸಿಗೇ ಬರುತ್ತದೆ. ಹಸು ಮಬ್ಬಾಗಿದ್ದರೂ ಪಟ್ಟಿ ಬೆಂಕಿಕಡ್ಡಿ ಗೀರಿದ ಹಾಗೆ ಹೊಳೆಯುತ್ತದೆ.

ಅಂಟಿಸುವ ಸ್ಟಿಕ್ಕರ್ ತರಬೇಡಿ. ಬೆವರು, ಸಗಣಿ, ಒಂದನ್ನೊಂದು ನೆಕ್ಕುವುದು, ಇಷ್ಟು ಸೇರಿ ಹದಿನೈದೇ ದಿನದಲ್ಲಿ ಕಿತ್ತುಬರುತ್ತದೆ. ಪೌರಕಾರ್ಮಿಕರ ಜಾಕೆಟ್ ಮೇಲೆ ಹೊಲಿದಿರುವ ಬೆಳ್ಳಿಯಂಥ ಬಟ್ಟೆಪಟ್ಟಿ ಇದೆಯಲ್ಲ, ಅದು ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಎರಡು ಇಂಚು ಅಗಲದ ನೈಲಾನ್ ಕೊರಳಬೆಲ್ಟ್ ಮೇಲೆ ಅದನ್ನು ಹೊಲಿಸಿ. ಚಪ್ಪಲಿ ಹೊಲಿಯುವವರ ದಪ್ಪ ದಾರವೇ ಆಗಬೇಕು, ಬಟ್ಟೆ ಹೊಲಿಯುವ ನೂಲು ನಿಲ್ಲುವುದಿಲ್ಲ.

ಬಣ್ಣಬಣ್ಣದ ರೇಡಿಯಂ ತಂದು ಕೆಂಪು ಗೌರಿಗೆ, ಬಿಳಿ ಕೆಂಪಿಗೆ ಅಂತ ಹಾಕಬೇಡಿ. ರಾತ್ರಿ ಎರಡೂ ಒಂದೇ. ಗುರುತು ಬಣ್ಣದಲ್ಲಿ ಇರಬಾರದು, ಆಕಾರದಲ್ಲಿ ಇರಬೇಕು. ಅಂಕಿಯ ಆಕಾರಕ್ಕೆ ಕತ್ತರಿಸುವುದೂ ಬೇಡ. ಹೊಳಪು ಸುತ್ತ ಹರಡಿ 3, 8, 9 ಎಲ್ಲ ಒಂದೇ ಉಂಡೆ ಆಗುತ್ತವೆ.

ನಾನು ಮಾಡಿಕೊಂಡ ಲೆಕ್ಕ ಹೀಗಿದೆ. ಪ್ರತಿ ಬೆಲ್ಟಿನ ಒಂದು ಪಕ್ಕದಲ್ಲಿ 4 ತುಂಡು ರೇಡಿಯಂ. ಒಂದೊಂದು ತುಂಡೂ ಅಗಲ ಅಥವಾ ಸಣ್ಣ. ಅಗಲದ್ದು 5 ಸೆಂಟಿಮೀಟರ್, ಸಣ್ಣದು 2 ಸೆಂಟಿಮೀಟರ್. ನಡುವೆ 3 ಸೆಂಟಿಮೀಟರ್ ಖಾಲಿ. ಹೆಗ್ಗತ್ತಿನ ಕಡೆಯಿಂದ ಗಂಟಲ ಕಡೆಗೆ ಓದಬೇಕು. ಗೌರಿ ಅಂದರೆ ಅಗಲ, ಸಣ್ಣ, ಸಣ್ಣ, ಅಗಲ. ಕೆಂಪಿ ಅಂದರೆ ಸಣ್ಣ, ಸಣ್ಣ, ಅಗಲ, ಅಗಲ. ಹೀಗೆ ಒಟ್ಟು 16 ಬಗೆ ಆಗುತ್ತವೆ. ನಮ್ಮಲ್ಲಿರುವುದು 11 ಹಸು, ಸಾಕಷ್ಟಾಯಿತು. ನಾಲ್ಕೂ ಅಗಲ ಇದ್ದರೂ ಒಟ್ಟು 29 ಸೆಂಟಿಮೀಟರ್, ದೊಡ್ಡ ಹಸುವಿನ ಕೊರಳ ಒಂದು ಪಕ್ಕದಲ್ಲಿ ಹಿಡಿಯುತ್ತದೆ. ಎರಡೂ ಪಕ್ಕಕ್ಕೆ ಒಂದೇ ಗುರುತು ಹಾಕಿ.

ಎಲ್ಲ ಬೆಲ್ಟಿನಲ್ಲೂ ಲೆಕ್ಕ 4 ಇರಲೇಬೇಕು ಅನ್ನುವುದನ್ನು ಬಿಡಬೇಡಿ. ಒಂದಕ್ಕೆ ಎರಡು, ಇನ್ನೊಂದಕ್ಕೆ ಮೂರು ಅಂತ ಹಾಕಿದರೆ, ಒಂದು ತುಂಡು ಸಗಣಿಯಿಂದ ಮುಚ್ಚಿದ ರಾತ್ರಿ ಮೂರರ ಹಸು ಎರಡರ ಹಸುವಾಗಿಬಿಡುತ್ತದೆ. ನಾಲ್ಕರ ನಿಯಮ ಇದ್ದರೆ, ಮೂರೇ ಕಂಡಾಗ ಒಂದು ಮುಚ್ಚಿದೆ ಅಂತ ತಕ್ಷಣ ತಿಳಿಯುತ್ತದೆ. ಆಗ ಹಸು ತಿರುಗುವವರೆಗೆ ಕಾಯುತ್ತೀರಿ, ತಪ್ಪು ಹೆಸರು ಬರೆದುಕೊಳ್ಳುವುದಿಲ್ಲ.

ಇನ್ನೊಂದು ತೊಂದರೆ, ಬೆಲ್ಟ್ ಕೊರಳಲ್ಲಿ ತಿರುಗುತ್ತದೆ. ಬೆಳಿಗ್ಗೆ ನೋಡಿದರೆ ಪಟ್ಟಿಯೆಲ್ಲ ಗಂಟಲ ಕೆಳಗೆ. ಇದಕ್ಕೆ ಮದ್ದು ನಮ್ಮ ಹಳೆಯ ಕೊರಳಗಂಟೆಯೇ. ಬೆಲ್ಟಿನ ಸರಿಯಾಗಿ ಕೆಳತುದಿಗೆ ಗಂಟೆ ಕಟ್ಟಿ. ಅದರ ಭಾರಕ್ಕೆ ಬೆಲ್ಟ್ ತಿರುಗಿದರೂ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಗಂಟೆ ಸದ್ದು ಬೇಡ ಅನ್ನುವವರು ನಾಲಗೆ ತೆಗೆದು ಕಟ್ಟಬಹುದು.

ಕಪ್ಪು ಬಿಳಿ ಎಚ್‌ಎಫ್ ಮಾತ್ರ ಸಾಕುವವರಿಗೆ ಬೆಲ್ಟ್ ಇಲ್ಲದೆಯೂ ಆಗಬಹುದು. ಹಗಲಲ್ಲೇ ಪ್ರತಿ ಹಸುವಿನ ಎಡ, ಬಲ, ಬೆನ್ನು, ಹಿಂಭಾಗದ ಫೋಟೋ ತೆಗೆದು, ಮೊಬೈಲಿನಲ್ಲಿ ಕಪ್ಪು ಬಿಳುಪು ಮಾಡಿ, ಹೆಸರು ಬರೆದು ಒಂದು ಹಾಳೆಗೆ ಪ್ರಿಂಟ್ ಹಾಕಿಸಿ. ಎಡಮೈ ಮಚ್ಚೆ ಬಲಮೈಗೆ ಇರುವುದಿಲ್ಲ, ಹಾಗಾಗಿ ನಾಲ್ಕೂ ಬೇಕು. ಎಮ್ಮೆಗಳಿಗೆ ಮಾತ್ರ ಬೆಲ್ಟ್ ಬಿಟ್ಟರೆ ಬೇರೆ ದಾರಿ ನನಗೆ ಕಂಡಿಲ್ಲ.

ಹಂತ 4: ಒಂದಲ್ಲ, ಎರಡು ಕ್ಯಾಮೆರಾ

ಅಂಗಡಿಯಲ್ಲಿ "ಎಂಟು ಮೆಗಾಪಿಕ್ಸೆಲ್ ತಗೊಳ್ಳಿ, ಒಂದೇ ಸಾಕು" ಅನ್ನುತ್ತಾರೆ. ಒಂದೇ ಅಗಲದ ಸೆನ್ಸರ್‌ನಲ್ಲಿ ಜಾಸ್ತಿ ಪಿಕ್ಸೆಲ್ ತುಂಬಿದರೆ ಒಂದೊಂದಕ್ಕೂ ಸಿಗುವ ಬೆಳಕು ಕಡಿಮೆ. ಕತ್ತಲಲ್ಲಿ ಅದು ಎದ್ದು ಕಾಣುತ್ತದೆ. ನನ್ನ ಮಾತು ಇಷ್ಟೇ: ಏನಾಗುತ್ತಿದೆ ಅಂತ ನೋಡಲು ಒಂದು ಅಗಲ ನೋಟದ ಕ್ಯಾಮೆರಾ, ಯಾರು ಅಂತ ನೋಡಲು ಒಂದು ಕಿರಿದು ನೋಟದ ಕ್ಯಾಮೆರಾ. ಎರಡೂ 2 ಮೆಗಾಪಿಕ್ಸೆಲ್ ಆದರೂ ಪರವಾಗಿಲ್ಲ.

ಲೆಕ್ಕ ಹಾಕಿ ನೋಡೋಣ. 2 ಮೆಗಾಪಿಕ್ಸೆಲ್ ಚಿತ್ರ ಅಡ್ಡಕ್ಕೆ 1920 ಪಿಕ್ಸೆಲ್. 2.8 ಮಿಲಿಮೀಟರ್ ಲೆನ್ಸ್ ಹಾಕಿ 6 ಮೀಟರ್ ದೂರದಲ್ಲಿ ನೋಡಿದರೆ ಸುಮಾರು 16 ಮೀಟರ್ ಅಗಲ ಕಾಣುತ್ತದೆ. ಒಂದು ಮೀಟರಿಗೆ 120 ಪಿಕ್ಸೆಲ್. ನಮ್ಮ 2 ಸೆಂಟಿಮೀಟರ್ ಪಟ್ಟಿಗೆ ಬರುವುದು ಬರೀ 2 ಪಿಕ್ಸೆಲ್, ಅಗಲ ಯಾವುದು, ಸಣ್ಣ ಯಾವುದು ತಿಳಿಯುವುದಿಲ್ಲ. ಅದೇ ದೂರಕ್ಕೆ 6 ಮಿಲಿಮೀಟರ್ ಲೆನ್ಸ್ ಹಾಕಿದರೆ ಸುಮಾರು 6 ಮೀಟರ್ ಅಗಲ ಕಾಣುತ್ತದೆ. ಮೀಟರಿಗೆ 320 ಪಿಕ್ಸೆಲ್. ಸಣ್ಣ ಪಟ್ಟಿಗೆ 6, ಅಗಲ ಪಟ್ಟಿಗೆ 16. ಈಗ ವ್ಯತ್ಯಾಸ ಖಚಿತ. ಮೆಗಾಪಿಕ್ಸೆಲ್ ಕೇಳುವ ಮೊದಲು ಲೆನ್ಸ್ ಎಷ್ಟು ಮಿಲಿಮೀಟರ್ ಅಂತ ಕೇಳಿ.

ಕಿರಿದು ನೋಟದ ಕ್ಯಾಮೆರಾವನ್ನು ಹಸುಗಳೆಲ್ಲ ಒಂದಲ್ಲ ಒಂದು ಹೊತ್ತಿಗೆ ಬಂದೇ ಬರುವ ಜಾಗಕ್ಕೆ ತಿರುಗಿಸಿ. ನಮ್ಮಲ್ಲಿ ಅದು ನೀರಿನ ತೊಟ್ಟಿ. ನೀರು ಕುಡಿಯುವಾಗ ಕೊರಳು ಚಾಚಿ, ಅಡ್ಡಕ್ಕೆ, ಅರ್ಧ ನಿಮಿಷವಾದರೂ ಅಲ್ಲಾಡದೆ ನಿಲ್ಲುತ್ತವೆ. ಬೆಲ್ಟ್ ಓದಲು ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಅಗಲ ಕ್ಯಾಮೆರಾದಲ್ಲಿ ಏನಾದರೂ ಕಂಡರೆ, ಆ ಹಸು ಮುಂದೆಯೋ ಹಿಂದೆಯೋ ತೊಟ್ಟಿಗೆ ಬಂದ ಹೊತ್ತನ್ನು ಹುಡುಕಿ ಹೆಸರು ಹಿಡಿಯಬಹುದು. ಇದು ಸಾಧ್ಯವಾಗಬೇಕಾದರೆ ಎರಡು ಕ್ಯಾಮೆರಾದ ಗಡಿಯಾರವೂ ಒಂದೇ ಇರಬೇಕು.

ಹಂತ 5: ಕಟ್ಟುವ ಜಾಗ, ಕಟ್ಟುವ ರೀತಿ

ಎತ್ತರ ಎರಡೂವರೆಯಿಂದ ಮೂರು ಮೀಟರ್. ಅದಕ್ಕಿಂತ ಕೆಳಗಿದ್ದರೆ ಕೊಂಬು ತಾಗುತ್ತದೆ, ತೀರಾ ಮೇಲಿದ್ದರೆ ಬೆನ್ನು ಮಾತ್ರ ಕಾಣುತ್ತದೆ, ಕೊರಳು ಕಾಣುವುದಿಲ್ಲ. ಮುಖಕ್ಕೆ ನೇರ ಇಡಬೇಡಿ. ಹಸು, ಎಮ್ಮೆ, ಕುರಿ, ಮೇಕೆ ಎಲ್ಲಕ್ಕೂ ಕಣ್ಣಿನ ಹಿಂದೆ ಹೊಳೆಯುವ ಪದರ ಇದೆ. ಐಆರ್‌ನಲ್ಲಿ ಅದು ಟಾರ್ಚ್ ಹಾಗೆ ಹೊಳೆದು ಮುಖವೆಲ್ಲ ಮಬ್ಬು ಮಾಡುತ್ತದೆ. ಆ ಹೊಳಪು ಎಷ್ಟು ಜೊತೆ ಕಣ್ಣು ಅಂತ ಎಣಿಸಲು ಉಪಯೋಗ, ಯಾರು ಅಂತ ಹೇಳಲು ಅಲ್ಲ.

ಬೇರೆ ಐಆರ್ ದೀಪ ಕಟ್ಟುವವರು ಒಂದು ಮಾತು ಗಮನಿಸಿ. ಅಗಲ ನೋಟದ ಕ್ಯಾಮೆರಾಕ್ಕೆ ದೀಪವನ್ನು ಒಂದು ಮೀಟರ್ ಪಕ್ಕಕ್ಕೆ ಕಟ್ಟಿ, ಕ್ಯಾಮೆರಾದ ಸ್ವಂತ ದೀಪ ಆರಿಸಿದರೆ ಬಹಳ ಒಳ್ಳೆಯದು. ಹುಳು, ಧೂಳು, ಜೇಡರಬಲೆ ಬೆಳಗುವುದು ಕಡಿಮೆಯಾಗುತ್ತದೆ. ಆದರೆ ಬೆಲ್ಟ್ ಓದುವ ಕ್ಯಾಮೆರಾಕ್ಕೆ ಹಾಗೆ ಮಾಡಬೇಡಿ. ರೇಡಿಯಂ ಬೆಳಕನ್ನು ಬಂದ ಕಡೆಗೇ ಕಳಿಸುತ್ತದೆ. ದೀಪ ಒಂದು ಕಡೆ, ಲೆನ್ಸ್ ಒಂದು ಕಡೆ ಆದರೆ ಹೊಳಪು ದೀಪಕ್ಕೆ ಹೋಗುತ್ತದೆ, ಲೆನ್ಸಿಗೆ ಬರುವುದಿಲ್ಲ.

ಸೊಳ್ಳೆಪರದೆಯ ಹಿಂದಿನಿಂದ, ಕಿಟಕಿ ಗಾಜಿನ ಹಿಂದಿನಿಂದ ನೋಡಿಸಬೇಡಿ. ಪರದೆಯೇ ಬೆಳಗಿ ಒಳಗಿನದು ಏನೂ ಕಾಣುವುದಿಲ್ಲ. ಸಂಜೆ ಸೊಳ್ಳೆಗೆ ಬೇವಿನಸೊಪ್ಪಿನ ಹೊಗೆ ಹಾಕುವವರಿಗೂ ಗೊತ್ತಿರಲಿ, ಹೊಗೆ ಇರುವಷ್ಟು ಹೊತ್ತು ಕ್ಯಾಮೆರಾದ ಚಿತ್ರ ಬಿಳಿ ಗೋಡೆಯಾಗಿರುತ್ತದೆ. ಕ್ಯಾಮೆರಾ ಹಾಳಾಯಿತು ಅಂತ ನಾನು ಒಂದು ಸಲ ತಂತಿಯೆಲ್ಲ ಬಿಚ್ಚಿ ನೋಡಿದ್ದೆ.

ಗುಮ್ಮಟದ ಆಕಾರದ ಕ್ಯಾಮೆರಾಕ್ಕಿಂತ ಉದ್ದ ಕೊಳವೆಯಂಥದ್ದು ಕೊಟ್ಟಿಗೆಗೆ ಒಳ್ಳೆಯದು. ಗುಮ್ಮಟದ ಪ್ಲಾಸ್ಟಿಕ್ ಮೇಲೆ ಧೂಳು ಕೂತರೆ ದೀಪದ ಬೆಳಕು ಒಳಗೇ ಚದುರಿ ಚಿತ್ರದ ಮೇಲೆ ಮಂಜು ಕವಿಯುತ್ತದೆ. ತಂತಿಯನ್ನು ಪೈಪಿನೊಳಗೆ ಎಳೆಯಿರಿ, ಇಲಿ ಬಿಡುವುದಿಲ್ಲ.

ಹಂತ 6: ಮೆನುವಿನಲ್ಲಿ ಬದಲಿಸಬೇಕಾದದ್ದು

ಇಲ್ಲಿ ಹೆಚ್ಚು ಜನ ಸೋಲುತ್ತಾರೆ. ಕತ್ತಲಲ್ಲಿ ಕ್ಯಾಮೆರಾ ತಾನಾಗೇ ಶಟರ್ (ಒಂದೊಂದು ಚಿತ್ರಕ್ಕೆ ಬೆಳಕು ಹಿಡಿಯುವ ಹೊತ್ತು) ನಿಧಾನ ಮಾಡಿಕೊಂಡು 1/25 ಸೆಕೆಂಡಿಗೆ ಇಳಿಯುತ್ತದೆ, ಕೆಲವು ಇನ್ನೂ ಕೆಳಗೆ. ಹಸು ಸೆಕೆಂಡಿಗೆ ಸುಮಾರು ಒಂದು ಮೀಟರ್ ನಡೆಯುತ್ತದೆ ಅಂದುಕೊಳ್ಳಿ. 1/25 ಸೆಕೆಂಡಿನಲ್ಲಿ 4 ಸೆಂಟಿಮೀಟರ್ ಸರಿದಿರುತ್ತದೆ. ನಮ್ಮ ಪಟ್ಟಿಗಳ ನಡುವಿನ ಜಾಗವೇ 3 ಸೆಂಟಿಮೀಟರ್. ಎಲ್ಲ ಕಲಸಿ ಒಂದೇ ಗೆರೆ. ಬೆಲ್ಟ್ ಓದುವ ಕ್ಯಾಮೆರಾದಲ್ಲಿ ಶಟರನ್ನು ಕೈಯಾರೆ 1/100ಕ್ಕೆ ನಿಲ್ಲಿಸಿ. ಆಗ ಸರಿಯುವುದು 1 ಸೆಂಟಿಮೀಟರ್. ಚಿತ್ರ ಕತ್ತಲಾಗುತ್ತದೆ, ಹೆದರಬೇಡಿ. ಹಸು ಕತ್ತಲಾದರೂ ರೇಡಿಯಂ ಇನ್ನೂ ಸ್ಪಷ್ಟವಾಗುತ್ತದೆ.

ಪಟ್ಟಿ ಹೊಳೆದು ಒಂದಕ್ಕೊಂದು ಅಂಟಿದ ಹಾಗೆ ಕಂಡರೆ ಐಆರ್ ದೀಪದ ಶಕ್ತಿಯನ್ನು ಅರ್ಧಕ್ಕೆ ಇಳಿಸಿ, ಗೇನ್ (ಚಿತ್ರವನ್ನು ಬೆಳ್ಳಗೆ ಮಾಡುವ ಸೆಟ್ಟಿಂಗ್) ಕೂಡ ಇಳಿಸಿ. ಅಗಲ ಕ್ಯಾಮೆರಾಕ್ಕೆ ಇದ್ಯಾವುದೂ ಬೇಡ, ಆಟೋ ಇರಲಿ. ಚಲನೆ ಕಂಡರೆ ಫೋನಿಗೆ ಸುದ್ದಿ ಕಳಿಸುವ ವ್ಯವಸ್ಥೆಯನ್ನು ಇಡೀ ಚಿತ್ರಕ್ಕೆ ಹಾಕಬೇಡಿ, ಒಂದು ಜೇಡ ಸಾಕು ರಾತ್ರಿಯೆಲ್ಲ ಎಬ್ಬಿಸಲು. ಗಬ್ಬದ ಹಸು ಮಲಗುವ ಜಾಗಕ್ಕೆ ಮಾತ್ರ ಚೌಕ ಹಾಕಿ. ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ. ಪಕ್ಕದ ಮನೆಯ ಅಂಗಳ ಚಿತ್ರದೊಳಗೆ ಬರದ ಹಾಗೆ ನೋಡಿಕೊಳ್ಳಿ.

ಒಂದು ಉಪಾಯ ಹೇಳುತ್ತೇನೆ. ಫೋನಿನಿಂದ ಹಚ್ಚುವಂಥ ಸ್ಮಾರ್ಟ್ ಪ್ಲಗ್‌ಗೆ ಒಂದು 9 ವಾಟ್ ಬಲ್ಬ್ ಹಾಕಿಡಿ. ತೀರಾ ಅನುಮಾನ ಬಂದಾಗ ಮಲಗಿದಲ್ಲಿಂದಲೇ ಬಲ್ಬ್ ಹಚ್ಚಿದರೆ ಕೆಲವು ಸೆಕೆಂಡಿನಲ್ಲಿ ಕ್ಯಾಮೆರಾ ಬಣ್ಣಕ್ಕೆ ಬರುತ್ತದೆ. ಕೆಂದ ಹಸು ಕೆಂದ ಆಗಿಯೇ ಕಾಣುತ್ತದೆ. ನೋಡಿ ಆರಿಸಿ. ರಾತ್ರಿಯಿಡೀ ಉರಿಸಬೇಡಿ. ಹುಳು ಮುತ್ತುತ್ತವೆ, ಹಸುಗಳಿಗೂ ಕತ್ತಲೆಯ ನಿದ್ದೆ ಬೇಕು.

ಹಂತ 7: ಕರೆಂಟು ಹೋದಾಗ

ಹಳ್ಳಿಯಲ್ಲಿ ಇದನ್ನು ಮೊದಲೇ ಯೋಚಿಸಬೇಕು. ಕರು ಹಾಕುವ ರಾತ್ರಿಯೇ ಕರೆಂಟು ಹೋಗುತ್ತದೆ. 12 ವೋಲ್ಟ್‌ನಲ್ಲಿ ನಡೆಯುವ ಕ್ಯಾಮೆರಾ ತೆಗೆದುಕೊಳ್ಳಿ. ಐಆರ್ ಉರಿಯುವಾಗ ಒಂದು ಕ್ಯಾಮೆರಾ ಸುಮಾರು 6 ವಾಟ್ ತಿನ್ನುತ್ತದೆ. 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 84 ವಾಟ್ ಅವರ್ ಇರುತ್ತದೆ. ಬ್ಯಾಟರಿ ಬೇಗ ಸಾಯಬಾರದು ಅಂದರೆ ಅರ್ಧ ಮಾತ್ರ ಬಳಸಬೇಕು. ಅಲ್ಲಿಗೆ ಒಂದು ಕ್ಯಾಮೆರಾಕ್ಕೆ 7 ಗಂಟೆ, ಎರಡಕ್ಕೆ ಮೂರೂವರೆ. ರಾತ್ರಿಯೆಲ್ಲ ಎರಡೂ ಓಡಬೇಕಾದರೆ ದೊಡ್ಡ ಬ್ಯಾಟರಿ ಬೇಕು. ವೈಫೈ ಪೆಟ್ಟಿಗೆಯನ್ನೂ ಈ ಲೆಕ್ಕಕ್ಕೆ ಸೇರಿಸಿ, ಬಹಳ ಜನ ಮರೆಯುತ್ತಾರೆ. ಮೆಮೊರಿ ಕಾರ್ಡ್ ವಿಷಯಕ್ಕೆ, 2 ಎಂಬಿಪಿಎಸ್ ವೇಗದಲ್ಲಿ ದಿನಕ್ಕೆ ಸುಮಾರು 22 ಜಿಬಿ ಆಗುತ್ತದೆ. 128 ಜಿಬಿ ಕಾರ್ಡಿನಲ್ಲಿ ಐದಾರು ದಿನ ಹಿಂದಕ್ಕೆ ಹೋಗಿ ನೋಡಬಹುದು.

ಹಂತ 8: ಮೊದಲ ವಾರ ಪರೀಕ್ಷೆ

ಎಲ್ಲ ಕಟ್ಟಿ ಆದ ಮೇಲೆ ನೇರ ನಂಬಬೇಡಿ. ಒಂದು ವಾರ ಹೀಗೆ ಮಾಡಿ. ರಾತ್ರಿ ಮಲಗುವ ಮುಂಚೆ ಫೋನಿನಲ್ಲಿ ನೋಡಿ, ಯಾವ ಹಸು ಎಲ್ಲಿದೆ ಅಂತ ಕಾಗದದ ಮೇಲೆ ಬರೆಯಿರಿ. ಆಮೇಲೆ ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋಗಿ ಸರಿನೋಡಿ. ನಮ್ಮ ಮನೆಯಲ್ಲಿ ಮೊದಲ ರಾತ್ರಿ 11ರಲ್ಲಿ 3 ತಪ್ಪಾದವು. ಎರಡು ಬೆಲ್ಟ್ ತಿರುಗಿದ್ದವು, ಒಂದರ ಮೇಲೆ ಸಗಣಿ. ಗಂಟೆ ಕಟ್ಟಿದ ಮೇಲೆ, ಸಂಜೆ ಹಾಲು ಕರೆಯುವಾಗ ಬೆಲ್ಟಿಗೆ ಒಂದು ಒದ್ದೆ ಬಟ್ಟೆ ಆಡಿಸುವ ರೂಢಿ ಮಾಡಿದ ಮೇಲೆ ಅದು ನಿಂತಿತು. ಮನೆಯವರೆಲ್ಲ ಓದಲು ಕಲಿಯಲಿ. ಬೆಲ್ಟಿನ ಗುರುತುಗಳ ಪಟ್ಟಿಯನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿ. ನಾನು ಊರಲ್ಲಿಲ್ಲದಾಗ ನನ್ನ ಹೆಂಡತಿ ಫೋನ್ ಮಾಡಿ "ಅಗಲ ಸಣ್ಣ ಸಣ್ಣ ಅಗಲ ನಿಂತ್ಲು" ಅಂದರೆ ಸಾಕು, ಗೌರಿ ಬೆದೆಗೆ ಬಂದಳು ಅಂತ ಅರ್ಥ.

ಒಂದು ರೂಲ್ಡ್ ಪುಸ್ತಕ ಇಡಿ. ಹೊತ್ತು, ಹೆಸರು, ಏನು ಕಂಡಿತು, ಮೂರೇ ಸಾಲು. ಸಂಜೆ ಅಥವಾ ರಾತ್ರಿ ಬೆದೆ ಕಂಡರೆ ಬೆಳಿಗ್ಗೆ, ಬೆಳಿಗ್ಗೆ ಕಂಡರೆ ಸಂಜೆ ಇಂಜೆಕ್ಷನ್ ಅನ್ನುವುದು ಹಳೆಯ ಲೆಕ್ಕ. ಪುಸ್ತಕದಲ್ಲಿ ಹೊತ್ತು ಸರಿಯಾಗಿದ್ದರೆ ಆ ಲೆಕ್ಕ ಕೆಲಸ ಮಾಡುತ್ತದೆ. ಬೆದೆ ಕಂಡ 18ನೇ ದಿನದಿಂದ ಆ ಹೆಸರಿನ ಮೇಲೆ ಮತ್ತೆ ಕಣ್ಣಿಡಿ. ಕರು ಹಾಕುವ ಹಸುವಿನ ವಿಷಯದಲ್ಲಿ ನೀರುಚೀಲ ಕಂಡ ಹೊತ್ತನ್ನು ಬರೆದುಕೊಳ್ಳಿ. ಅದಾಗಿ ಒಂದೆರಡು ಗಂಟೆಯಲ್ಲಿ ಮುಂದುವರಿಯದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಪಶು ಆಂಬುಲೆನ್ಸ್ ಸಹಾಯವಾಣಿ 1962.

ಕುರಿ, ಮೇಕೆ ಇದ್ದವರಿಗೆ

ಐವತ್ತು ಕುರಿ ಒಂದರ ಮೇಲೊಂದು ಒತ್ತಿ ಮಲಗಿದಾಗ ಯಾವ ಕ್ಯಾಮೆರಾವೂ ಹೆಸರು ಹೇಳುವುದಿಲ್ಲ. ದೊಡ್ಡಿಯ ಬಾಗಿಲನ್ನು ಒಂದೇ ಕುರಿ ಹಾಯುವಷ್ಟು ಕಿರಿದು ಮಾಡಿ, ಅಲ್ಲಿ ಓದುವುದೊಂದೇ ದಾರಿ. ಬನ್ನೂರು ಕುರಿಯ ಮುಖದ ಕಂದು ಮಚ್ಚೆ ರಾತ್ರಿ ಮಸುಕಾಗುತ್ತದೆ, ಅದನ್ನು ನಂಬಬೇಡಿ. ಕುರಿಗಾಹಿಗಳು ಬಳಿಯುವ ಬಣ್ಣದ ಗುರುತೂ ಹಾಗೆಯೇ. ಬಿಳಿ ಕುರಿಗೆ ಇದ್ದಿಲ ಪುಡಿಯನ್ನು ಹರಳೆಣ್ಣೆಯಲ್ಲಿ ಕಲಸಿ ಬೆನ್ನ ಮೇಲೆ ಗುರುತು ಹಾಕಿದರೆ ರಾತ್ರಿಯೂ ಕಪ್ಪಗೆ ಕಾಣುತ್ತದೆ. ಮಳೆಗೆ ತೊಳೆದುಹೋಗುತ್ತದೆ, ಮತ್ತೆ ಹಾಕಬೇಕು. ನೂರಕ್ಕಿಂತ ಜಾಸ್ತಿ ಇದ್ದರೆ ಬಾಗಿಲಲ್ಲಿ ಆರ್‌ಎಫ್‌ಐಡಿ ಓಲೆ (ರೇಡಿಯೋ ಅಲೆಯಿಂದ ನಂಬರು ತಿಳಿಸುವ ಚಿಪ್ ಇರುವ ಓಲೆ) ಓದುವ ಯಂತ್ರ ಇಟ್ಟು, ಅದು ಓದಿದ ಹೊತ್ತನ್ನು ಕ್ಯಾಮೆರಾದ ಹೊತ್ತಿನೊಡನೆ ಹೊಂದಿಸುವುದು ಮೇಲು.

ಕಂಪ್ಯೂಟರೇ ಹೆಸರು ಹೇಳಲಿ ಅನ್ನುವವರಿಗೆ

ಇದು ಆಗುವ ಕೆಲಸ. ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಮೇಲಿನಿಂದ ತೆಗೆದ ಹೋಲ್‌ಸ್ಟೀನ್ ಹಸುಗಳ ಚಿತ್ರಗಳಿಂದ, ಬೆನ್ನಿನ ಮಚ್ಚೆ ನೋಡಿಯೇ ಒಂದೊಂದು ಹಸುವನ್ನೂ ಗುರುತಿಸುವುದನ್ನು ಕಂಪ್ಯೂಟರಿಗೆ ಕಲಿಸಿದ್ದಾರೆ. ಉಚಿತವಾಗಿ ಸಿಗುವ ಹಲವು ಗುರುತಿಸುವ ತಂತ್ರಾಂಶಗಳಿಗೆ ಹಸು, ಕುರಿ, ಕುದುರೆ ಅಂತ ಗೊತ್ತಾಗುತ್ತದೆ. ಆದರೆ ಅವು "ಹಸು" ಅನ್ನುತ್ತವೆ, "ಗೌರಿ" ಅನ್ನುವುದಿಲ್ಲ. ಗೌರಿ ಅನ್ನಬೇಕಾದರೆ ನಿಮ್ಮ ಕೊಟ್ಟಿಗೆಯ ಚಿತ್ರಗಳಿಂದಲೇ ಕಲಿಸಬೇಕು, ಅದೂ ರಾತ್ರಿಯ ಚಿತ್ರಗಳಿಂದ. ಹಗಲಿನ ಬಣ್ಣದ ಫೋಟೋದಿಂದ ಕಲಿತದ್ದು ರಾತ್ರಿ ತಡವರಿಸುತ್ತದೆ. ಮನೆಯಲ್ಲಿ ಕಂಪ್ಯೂಟರ್ ಓದಿದ ಮಕ್ಕಳಿದ್ದರೆ ಅವರಿಗೆ ಮೊದಲು ಬೆಲ್ಟಿನ ನಾಲ್ಕು ಪಟ್ಟಿ ಓದುವ ಕೆಲಸ ಕೊಡಿ. ಕತ್ತಲಲ್ಲಿ ಹೊಳೆಯುವ ನಾಲ್ಕು ತುಂಡು ಹುಡುಕಿ ಅಳೆಯುವುದು, ಹಸುವಿನ ಮುಖ ಕಲಿಸುವುದಕ್ಕಿಂತ ಎಷ್ಟೋ ಸುಲಭ.

ವಾರಕ್ಕೊಮ್ಮೆ, ತಿಂಗಳಿಗೊಮ್ಮೆ

ಭಾನುವಾರ ಒಂದು ಪೊರಕೆ ಹಿಡಿದು ಕ್ಯಾಮೆರಾದ ಸುತ್ತಲಿನ ಬಲೆ ತೆಗೆಯಿರಿ, ಗಾಜನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ. ತಿಂಗಳಿಗೊಮ್ಮೆ ಎರಡು ಕ್ಯಾಮೆರಾದ ಗಡಿಯಾರ ಸರಿನೋಡಿ. ಕಡಸುಗಳ ಬೆಲ್ಟಿನ ಮೇಲೆ ವಿಶೇಷ ಗಮನ ಇರಲಿ, ಅವು ಬೇಗ ಬೆಳೆಯುತ್ತವೆ. ಬೆಲ್ಟ್ ಮತ್ತು ಕೊರಳಿನ ನಡುವೆ ಅಂಗೈ ಸಲೀಸಾಗಿ ಹೋಗಬೇಕು. ಬಿಗಿಯಾದರೆ ಚರ್ಮ ತಿನ್ನುತ್ತದೆ, ಸಡಿಲವಾದರೆ ಗೋದಲಿಯ ಕಂಬಿಗೆ ಸಿಕ್ಕಿಕೊಳ್ಳುತ್ತದೆ. ಎಳೆದರೆ ಬಿಟ್ಟುಕೊಳ್ಳುವಂಥ ಬಕಲ್ ಹಾಕಿಸಿ. ರಾತ್ರಿ ಸಿಕ್ಕಿಕೊಂಡರೆ ಬೆಲ್ಟ್ ಹೋಗಲಿ, ಹಸು ಉಳಿಯಲಿ. ಬೆಳಿಗ್ಗೆ ಬೆಲ್ಟ್ ಹುಡುಕಿ, ತೊಳೆದು, ಮತ್ತೆ ಕಟ್ಟಿದರಾಯಿತು.